ಎಡಗಡೆಯ ಮಾನಿಟರು

ನನ್ನ ಕೆಲಸದ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲಿ, ನಾಲ್ಕು ಮಡಿಕೆ ಮಾಡಿಟ್ಟ ಅಂಗೈಯಗಲದ ಒಂದು ಇಳಕಲ್ ಸೀರೆಯ ತುಂಡು ಯಾವಾಗಲೂ ಇರುತ್ತದೆ. ಒಂದು ಕಾಲಕ್ಕೆ ಅದು, ನಮ್ಮ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನನ್ನ ಹೆಂಡತಿ ಸುಮಿತ್ರಾ ಉಟ್ಟ ಸೀರೆ. ಉಟ್ಟು ಉಟ್ಟು ಹಳತಾದ ಮೇಲೆ ಕೌದಿಯ ಮೈಯಾಯಿತು, ಕೌದಿಯೂ ಹರಿದ ಮೇಲೆ ಕಂಪ್ಯೂಟರಿನ ಪರದೆ ಒರೆಸುವ ಬಟ್ಟೆಯಾಗಿ ನನ್ನ ಪಾಲಿಗೆ ಬಂತು. ಅಷ್ಟು ವರ್ಷ ನೀರು ಕುಡಿದ ಹತ್ತಿಯ ಮೆತ್ತನೆಯನ್ನು ಯಾವ ಅಂಗಡಿಯವನೂ ಮಾರಲಾರ. ಇನ್ನು ನಾವಿರುವ ಸಯನ್ನಿನಲ್ಲಿ ಒರೆಸಲು ಧೂಳಿಗೇನು ಬರವೇ? ನಮ್ಮ ಬಿಲ್ಡಿಂಗಿನ ಎದುರಿಗೊಂದು, ಬೆನ್ನಿಗೊಂದು ಹಳೆಯ ಕಟ್ಟಡವನ್ನು ಕೆಡವಿ ಗಗನಕ್ಕೆ ಗೋಪುರ ಎಬ್ಬಿಸುತ್ತಿದ್ದಾರೆ. ಕಿಟಕಿ ಮುಚ್ಚಿದರೂ ಸಿಮೆಂಟಿನ ನಯವಾದ ಪುಡಿ ಒಳಗೆ ನುಸುಳಿ, ದೇವರ ಪಟದ ಮೇಲೂ ಉಪ್ಪಿನಕಾಯಿಯ ಭರಣಿಯ ಮೇಲೂ ಸಮಾನಭಾವದಿಂದ ಕೂರುತ್ತದೆ. ಅದನ್ನು ಬೈಯುವ ಹಕ್ಕು ನನಗಿಲ್ಲ, ಯಾಕೆಂದರೆ ಅಂಥ ಗೋಪುರಗಳ ನಕ್ಷೆ ಬರೆದೇ ನಾನು ಹೊಟ್ಟೆ ಹೊರೆಯುವುದು. ಆದರೂ ದಿನಾ ಬೆಳಿಗ್ಗೆ ಒರೆಸುತ್ತ ಬೈಯುತ್ತಿದ್ದೆ. ಈಗ ಬೈಯುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು, ಮಿತ್ರರೇ, ನಿಮಗೆ ಹೇಳಬೇಕು. ಹೇಳಿದರೆ ನನ್ನ ಅಂಜಿಕೆ ಅರ್ಧದಷ್ಟಾದರೂ ಇಳಿದೀತು ಎಂಬ ಸ್ವಾರ್ಥವೂ ಇದರಲ್ಲಿದೆ.

ನಾನು ವಿಜಯಪುರದವನು. ಮೂವತ್ತು ವರ್ಷದ ಕೆಳಗೆ ದಾದರಿನ ಒಬ್ಬ ಇಂಜಿನಿಯರರ ಆಫೀಸಿಗೆ ಡ್ರಾಫ್ಟ್ಸ್‌ಮನ್ ಆಗಿ ಸೇರಿದಾಗ ಓರೆ ಹಲಗೆಯ ಮುಂದೆ ನಿಂತು, ಮಸಿಯ ಪೆನ್ನಿನಿಂದ ತೆಳು ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದೆ. ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಹೆರೆಯುತ್ತಿದ್ದೆ. ಈಗ ಅದೇ ಆಫೀಸಿನ ಕೆಲಸವನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡುತ್ತೇನೆ. ಕಂಬ, ತೊಲೆ, ಸ್ಲ್ಯಾಬುಗಳ ಹೊಟ್ಟೆಯೊಳಗೆ ಎಷ್ಟು ದಪ್ಪದ ಕಬ್ಬಿಣದ ಸರಳು ಎಲ್ಲೆಲ್ಲಿ ಬರಬೇಕೆಂದು ತೋರಿಸುವ ನಕ್ಷೆ ನನ್ನದು. ಇದಕ್ಕೆ ಮೂರು ಮಾನಿಟರು ಬೇಕು: ಬಲಗಡೆ ಆರ್ಕಿಟೆಕ್ಟರು ಕಳಿಸಿದ ಮೂಲ ನಕ್ಷೆ, ನಡುವೆ ನಾನು ಬರೆಯುವ ನಕ್ಷೆ, ಎಡಗಡೆ ಸರಳುಗಳ ಪಟ್ಟಿ. ಮೂರರ ನಡುವೆ ಕತ್ತು ಹೊರಳಿಸುತ್ತ ಕೂತ ನನ್ನನ್ನು ನೋಡಿ ಸುಮಿತ್ರಾ, "ಏನ್ರಿ, ಟೆನ್ನಿಸ್ ಮ್ಯಾಚ್ ನೋಡ್ಲಿಕ್ಕೆ ಹತ್ತೀರೇನು?" ಎಂದು ಕೇಳಿ ನಗುತ್ತಾಳೆ.

ಮೂರು ಪರದೆಗಳಿಗೆ ಚಿತ್ರ ಉಣಿಸುವುದು ಕಂಪ್ಯೂಟರಿನ ಒಡಲಲ್ಲಿರುವ ಗ್ರಾಫಿಕ್ಸ್ ಕಾರ್ಡ್ ಎಂಬ ಹಲಗೆ. ನನ್ನ ಪೆಟ್ಟಿಗೆಯಲ್ಲಿ ಅಂಥವು ಎರಡಿವೆ, ಎರಡೂ ಬೇರೆ ಬೇರೆ ಕಂಪನಿಯವು. ನಡುವಿನ ಮತ್ತು ಬಲಗಡೆಯ ಹೊಸ ಮಾನಿಟರುಗಳಿಗಾಗಿ ಹೊಸ ಕಾರ್ಡು ತಂದೆ. ಎಡಗಡೆಯ ಹಳೆಯ ಮಾನಿಟರಿಗೆ ಮಾತ್ರ ತಿರುಪು ಬಿಗಿಯುವ ನೀಲಿ ಮೂತಿಯ ಹಳೆಯ ಕೇಬಲ್ಲೇ ಬೇಕು, ಅದರ ತೂತು ಹೊಸ ಕಾರ್ಡಿನಲ್ಲಿಲ್ಲ. ಮಾನಿಟರು ಚೆನ್ನಾಗಿಯೇ ಇತ್ತು, ಎಸೆಯಲು ಮನಸ್ಸು ಬರಲಿಲ್ಲ. ಹಾಗಾಗಿ ಅದರ ಸಲುವಾಗಿ ಹಳೆಯ ಕಾರ್ಡನ್ನೂ ಒಳಗೇ ಉಳಿಸಿಕೊಂಡೆ. ಮಾಟುಂಗದಲ್ಲಿ ಕಂಪ್ಯೂಟರ್ ರಿಪೇರಿಯ ಪುಟ್ಟ ಅಂಗಡಿ ಇಟ್ಟಿರುವ ಉಡುಪಿ ಕಡೆಯ ಪ್ರಭಾಕರ ಎರಡನ್ನೂ ಕೂರಿಸಿ, ಎರಡಕ್ಕೂ ಅವುಗಳದೇ ಬೇರೆ ಬೇರೆ ಸಾಫ್ಟ್‌ವೇರ್ ಹಾಕಿ, ಕೈ ಒರೆಸಿಕೊಳ್ಳುತ್ತ ಎಚ್ಚರಿಸಿದ್ದ: "ಮಾಡಿಕೊಟ್ಟಿದ್ದೇನೆ ಮಾರಾಯ್ರೆ. ಆದ್ರೆ ಇವು ಎರಡು ಮನೆಯಿಂದ ಬಂದ ಸೊಸೆಯಂದಿರ ಹಾಗೆ. ಯಾವಾಗ ಮುನಿಸಿಕೊಳ್ತಾವೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ."

ಎರಡು ವರ್ಷ ಅವು ಒಲೆ ಹಂಚಿಕೊಂಡು ಬಾಳಿದವು. ಸಣ್ಣಪುಟ್ಟ ಮುನಿಸು ಇರಲಿಲ್ಲವೆಂದಲ್ಲ. ನಡುವಿನ ಪರದೆಯ ಬಿಳಿ ಹಾಲಿನ ಬಿಳಿಯಾದರೆ ಎಡಗಡೆಯದು ಮಜ್ಜಿಗೆಯ ಬಿಳಿ. ಒಂದು ಕಿಟಕಿಯನ್ನು ಮೌಸಿನಿಂದ ಹಿಡಿದು ಎಡಕ್ಕೆ ಎಳೆದರೆ ಗಡಿಯಲ್ಲಿ ಒಂದು ಕ್ಷಣ ತಡವರಿಸಿ, ಹೋಗಲೋ ಬೇಡವೋ ಎಂದು ಯೋಚಿಸಿ, ಆಮೇಲೆ ದಾಟುತ್ತಿತ್ತು. ಅದರಿಂದ ನನ್ನ ತಲೆಯಲ್ಲಿ ಒಂದು ನಂಬಿಕೆ ಬೇರೂರಿತು: ಏನಾದರೂ ಕೆಟ್ಟರೆ ಅದು ಎಡಗಡೆಯೇ ಕೆಡುವುದು, ಆ ಹಳೆಯ ಕಾರ್ಡಿನಿಂದಲೇ ಕೆಡುವುದು. ಈ ನಂಬಿಕೆಯೇ ನನ್ನನ್ನು ಮುಳುಗಿಸುವುದರಲ್ಲಿತ್ತು.

ಕಳೆದ ಚಳಿಗಾಲದ ಒಂದು ಮಂಗಳವಾರ ಬೆಳಿಗ್ಗೆ ಪರದೆಯ ಮೇಲೆ ನಾಲ್ಕಾರು ಕರಿಯ ಚುಕ್ಕೆ ಕಂಡವು. ಒರೆಸಿದೆ, ಹೋಗಲಿಲ್ಲ. ಬಟ್ಟೆಯನ್ನು ಚೂರು ಒದ್ದೆ ಮಾಡಿ ಒರೆಸಿದೆ, ಆಗಲೂ ಹೋಗಲಿಲ್ಲ. ನೋಡಿದಲ್ಲೆಲ್ಲ ಸಾಸಿವೆ ಚೆಲ್ಲಿದಂತೆ ತೇಲುತ್ತಿದ್ದವು. ಸೋಡಾಬುಡ್ಡಿ ಕನ್ನಡಕದ ಮನುಷ್ಯ ನಾನು, ಎಡಗಣ್ಣಿಗೆ ಮೈನಸ್ ಹನ್ನೊಂದು, ಬಲಗಣ್ಣಿಗೆ ಮೈನಸ್ ಏಳು. ಚಿಕ್ಕಂದಿನಿಂದ ಇಂಥ ಹಾರುವ ನುಸಿಗಳನ್ನು ಕಂಡು ರೂಢಿಯಿದ್ದುದರಿಂದ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮೂರನೆಯ ದಿನ ಮಿಣುಕು ಶುರುವಾಯಿತು. ನಡುವಿನ ನಕ್ಷೆಯಲ್ಲಿ ಕಣ್ಣು ನೆಟ್ಟು ಗೆರೆ ಎಳೆಯುತ್ತಿದ್ದಾಗ ಎಡಪಕ್ಕದಲ್ಲಿ, ಹಾಳಾಗುವ ಟ್ಯೂಬ್‌ಲೈಟು ಮಿಣುಕಿದಂತೆ, ಬೆಳ್ಳಗಿನ ಒಂದು ಮಿಂಚು ಹೊಡೆಯುತ್ತಿತ್ತು. ತಟ್ಟನೆ ಎಡಕ್ಕೆ ತಿರುಗಿದರೆ ಮಾನಿಟರು ಏನೂ ಅರಿಯದ ಕೂಸಿನಂತೆ ಸರಳುಗಳ ಪಟ್ಟಿ ತೋರಿಸುತ್ತ ಕೂತಿರುತ್ತಿತ್ತು. ಮತ್ತೆ ನಡುವೆ ನೋಡಿದರೆ ಮತ್ತೆ ಮಿಂಚು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಏನು ಬೇಕು? ಹಳೆಯ ಕಾರ್ಡು ಸಾಯಲಿಕ್ಕೆ ಬಿದ್ದಿದೆ ಎಂದು ತೀರ್ಮಾನಿಸಿಬಿಟ್ಟೆ.

ಆಮೇಲಿನ ನಾಲ್ಕು ದಿನ ನಾನು ಪಟ್ಟ ಪಾಡನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ನಡುಗುತ್ತದೆ. ನೀಲಿ ಮೂತಿಯ ಕೇಬಲ್ಲನ್ನು ಕಿತ್ತು ಊದಿ ಬಿಗಿದೆ. ಹಳೆಯ ಕಾರ್ಡಿನ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಹಾಕುವಾಗ ಹೊಸ ಕಾರ್ಡು ಮುನಿದು ಮೂರೂ ಪರದೆ ಕಪ್ಪಾದವು, ಅರ್ಧ ದಿನ ಅದರ ಸಮಾಧಾನಕ್ಕೆ ಹೋಯಿತು. ಮಾನಿಟರಿನ ಕಪಾಳಕ್ಕೂ ನಾಲ್ಕು ಬಡಿದೆ. "ಪಾಪ, ಅದೇನ್ ತಪ್ಪು ಮಾಡೇದ್ರಿ? ಮುಂಜಾನೆದ್ದು ಅದಕ್ಕ ಬಡ್ಯೋದ ಆತಲ್ಲ ನಿಮ್ದು," ಎಂದು ಸುಮಿತ್ರಾ ಅಡುಗೆಮನೆಯಿಂದಲೇ ಮಾನಿಟರಿನ ಪಕ್ಷ ವಹಿಸಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನಾದರೋ ನೆಲವನ್ನೇ ಅಗೆದು ಸಮ ಮಾಡಲು ಹೊರಟಿದ್ದೆ.

ಕೊನೆಗೆ ಎಂಟನೆಯ ದಿನ ಪ್ರಭಾಕರನನ್ನು ಕರೆಸಿದೆ. ಅವನು ನನ್ನ ಕುರ್ಚಿಯಲ್ಲಿ ಕೂತು, ಕಾರ್ಡುಗಳ ಜಾಗ ಅದಲುಬದಲು ಮಾಡಿ, ತನ್ನದೇ ಒಂದು ಕೇಬಲ್ ಸಿಕ್ಕಿಸಿ, ಎರಡು ತಾಸು ಎವೆಯಿಕ್ಕದೆ ಕಾದ. ಪಕ್ಕದಲ್ಲಿ ನಿಂತು ನಡುವಿನ ಪರದೆಯನ್ನೇ ನೋಡುತ್ತಿದ್ದ ನನಗೆ ಅಷ್ಟರಲ್ಲಿ ನಾಲ್ಕು ಸಲ ಮಿಂಚಿತು. "ಈಗ! ಈಗ ನೋಡು!" ಎಂದು ಪ್ರತಿ ಸಲ ಕೂಗಿದೆ. ಅವನು ನಾಲ್ಕು ಸಲವೂ ತಲೆಯಾಡಿಸಿದ.

"ನನಗೆ ಒಂದೂ ಕಾಣಲಿಲ್ಲವಲ್ಲ ಮಾರಾಯ್ರೆ. ಕಾರ್ಡಿಗೆ ಎಂತದೂ ಆಗಲಿಲ್ಲ, ಚಂದ ಉಂಟು."

ನನ್ನ ಪಿತ್ತ ನೆತ್ತಿಗೇರಿತು. "ಇಷ್ಟ ದೊಡ್ಡದಾಗಿ ಮಿಂಚ್ಲಿಕ್ಕೆ ಹತ್ತೇದ, ಕಾಣಸ್ವಲ್ದು ಅಂತೀಯಲ್ಲೋ! ನಿನಗ ಕಣ್ಣ ಅದಾವೋ ಇಲ್ಲೋ?"

ಈ ಮಾತನ್ನು ನಾನು ಆಡಿದ್ದು ನಿಜ. ಅಡುಗೆಮನೆಯಲ್ಲಿ ಸುಮಿತ್ರಾ ಕೇಳಿಸಿಕೊಂಡಿದ್ದಾಳೆ. ಪ್ರಭಾಕರ ಹಳೆಯ ಕಾರ್ಡನ್ನು ಬಿಚ್ಚಿ, ಅಂಗಡಿಯಲ್ಲಿ ಬೇರೆ ಪೆಟ್ಟಿಗೆಗೆ ಹಾಕಿ ಎರಡು ದಿನ ಓಡಿಸಿ ನೋಡುತ್ತೇನೆಂದು ಪೇಪರಿನಲ್ಲಿ ಸುತ್ತಿಕೊಂಡು ಹೋದ. ಎಡಗಡೆಯ ಮಾನಿಟರಿನ ಎರಡು ವೈರುಗಳನ್ನೂ ಕಿತ್ತು, ಸುರುಳಿ ಸುತ್ತಿ, ನೆಲದ ಮೇಲಿಟ್ಟಿದ್ದ.

ಮಧ್ಯಾಹ್ನ ಊಟ ಮಾಡಿ, ಪೀಡೆ ತೊಲಗಿತೆಂದು ನಿರುಮ್ಮಳವಾಗಿ ಕೂತೆ. ಎರಡೇ ಮಾನಿಟರಿನಲ್ಲಿ ಕೆಲಸ ಶುರುವಾಯಿತು. ಹೊರಗೆ ಬಿಸಿಲು ಬೆಳ್ಳಗೆ ಬಿದ್ದಿತ್ತು, ಎದುರಿನ ಗೋಪುರದಲ್ಲಿ ಯಂತ್ರ ಗುರುಗುಟ್ಟುತ್ತಿತ್ತು. ನಡುವಿನ ನಕ್ಷೆಯಲ್ಲಿ ಒಂದು ಕಂಬದ ಮೂಲೆಗೆ ಕಣ್ಣು ನೆಟ್ಟಿದ್ದೆ. ಆಗ ಎಡಗಡೆಯ ಮಾನಿಟರು ಮಿಂಚಿತು.

ನಾನು ಕೂಡಲೇ ತಿರುಗಲಿಲ್ಲ. ಮೊದಲು ಬಗ್ಗಿ ನೆಲ ನೋಡಿದೆ. ವೈರು ಸುರುಳಿಯಾಗಿ ಅಲ್ಲೇ ಬಿದ್ದಿತ್ತು, ಪ್ಲಗ್ಗು ಹಲ್ಲು ಮೇಲೆ ಮಾಡಿಕೊಂಡು ಮಲಗಿತ್ತು. ಕರೆಂಟಿಲ್ಲದ, ಕಾರ್ಡಿಲ್ಲದ ಆ ಸತ್ತ ಕರಿಯ ಗಾಜು ಮತ್ತೊಮ್ಮೆ ಮಿಂಚಿತು. ದೆವ್ವ ಭೂತವೆಂದು ಹೆದರುವ ವಯಸ್ಸಲ್ಲ ನನ್ನದು, ಆದರೆ ಆ ಕ್ಷಣದಲ್ಲಿ ಅದು ದೆವ್ವವೇ ಆಗಿರಲಪ್ಪಾ ಎಂದು ಮನಸ್ಸು ಬೇಡಿಕೊಂಡಿತು, ಯಾಕೆಂದರೆ ಇನ್ನೊಂದು ಸಾಧ್ಯತೆ ಆಗಲೇ ನನಗೆ ಹೊಳೆದುಬಿಟ್ಟಿತ್ತು. ಅಂಗೈಯಿಂದ ಬಲಗಣ್ಣನ್ನು ಮುಚ್ಚಿದೆ. ಎಡಗಣ್ಣೊಂದರಲ್ಲೇ ನೋಡಿದರೆ ಕೋಣೆಯ ಎಡಭಾಗದಲ್ಲಿ ಯಾರೋ ಬೂದುಬಣ್ಣದ ಪರದೆಯನ್ನು ಅರ್ಧ ಎಳೆದಿದ್ದರು. ಕಪಾಟು ಇರಲಿಲ್ಲ. ಬಾಗಿಲೂ ಇರಲಿಲ್ಲ.

ಮಿತ್ರರೇ, ಅಂಜಿಕೆಯ ಬಗ್ಗೆ ನಾನು ಕಲಿತದ್ದೊಂದಿದೆ. ಅದು ಮನುಷ್ಯನನ್ನು ಓಡಿಸುತ್ತದೆ ಅನ್ನುತ್ತಾರಲ್ಲ, ಅದು ಹಸಿ ಸುಳ್ಳು. ನನ್ನನ್ನು ಅದು ಕುರ್ಚಿಗೆ ಕಟ್ಟಿ ಕೂರಿಸಿತು. ಕೂಡಲೇ ಎದ್ದು ಕೂಗಬೇಕಿದ್ದ ನಾನು ಆ ಸಂಜೆಯೆಲ್ಲ ಬಾಯಿ ಮುಚ್ಚಿಕೊಂಡು, ಒಂದು ಕಣ್ಣು ಮುಚ್ಚುವುದು, ಇನ್ನೊಂದು ತೆರೆಯುವುದು, ಪರದೆ ಸರಿದಿದೆಯೋ ಬೆಳೆದಿದೆಯೋ ಎಂದು ಗೋಡೆಯ ಕ್ಯಾಲೆಂಡರಿನ ಚೌಕಗಳನ್ನು ಎಣಿಸುವುದು, ಇದನ್ನೇ ಮಾಡಿದೆ. ಯಾರಿಗೂ ಹೇಳದಿದ್ದರೆ ಅದು ಇನ್ನೂ ಕಾರ್ಡಿನ ದೋಷವಾಗಿಯೇ ಉಳಿದೀತು ಎಂಬ ಹುಚ್ಚು ಆಸೆ. ಕಣ್ಣಿಲ್ಲದ ಡ್ರಾಫ್ಟ್ಸ್‌ಮನ್ ಎಂದರೆ ಏನು? ಮೂವತ್ತು ವರ್ಷ ಗೆರೆ ಎಳೆದದ್ದು ಬಿಟ್ಟರೆ ನನಗೆ ಬೇರೆ ಯಾವ ವಿದ್ಯೆಯೂ ಬಾರದು. ಎಡಗಣ್ಣಿನ ಗತಿ ಇದಾದರೆ ಬಲಗಣ್ಣಿನ ಪಾಡೇನು ಎಂಬ ಯೋಚನೆ ಬಂದಾಗಲಂತೂ ಎಣಿಸಿದ ಚೌಕಗಳನ್ನೇ ಮತ್ತೆ ಮೊದಲಿನಿಂದ ಎಣಿಸಿದೆ.

ಮರುದಿನ ಬೆಳಿಗ್ಗೆ ಸುಮಿತ್ರಾ ಚಹಾ ತಂದು ಎಡಗಡೆ ನಿಂತಳು. ಅಂಜಿದವನ ಮೇಲೆ ಕಪ್ಪೆ ಹಾಕಿದಂತೆ, ಎಲ್ಲಿಂದಲೋ "ತಗೋರಿ" ಎಂಬ ದನಿ ಕೇಳಿ ಬೆಚ್ಚಿ ಕೈ ಬೀಸಿದೆ. ಕಪ್ಪು ಹಾರಿ ಒಡೆಯಿತು.

"ಅಲ್ರೀ, ಇಷ್ಟ ದಪ್ಪ ಹೆಂಗ್ಸು ಬಾಜೂಕ ನಿಂತೀನಿ, ಕಾಣಸ್ಲಿಲ್ಲೇನ್ರಿ ನಿಮಗ?" ಎಂದಳು ನಗುತ್ತಲೇ. ನಾನು ನಗಲಿಲ್ಲ. ಅವಳ ನಗು ನಿಂತಿತು. ಸುತ್ತು ಹಾಕಿ ನನ್ನ ಎದುರಿಗೆ ಬಂದು ಮುಖ ನೋಡಿದಳು.

"ಕಾಣಸ್ಲಿಲ್ಲ, ಸುಮಿ," ಎಂದೆ. ಹೇಳಿದ ಮೇಲೆ ಅಳು ಬಂತು.

ಅವಳು ಒಡೆದ ಕಪ್ಪನ್ನು ಹಾಗೇ ಬಿಟ್ಟು, "ನಡೀರಿ," ಎಂದಳು. ಅರ್ಧ ತಾಸಿನಲ್ಲಿ ನಾವು ಟ್ಯಾಕ್ಸಿಯಲ್ಲಿದ್ದೆವು, ಒಂದು ತಾಸಿನಲ್ಲಿ ಕಣ್ಣಿನ ಡಾಕ್ಟರರ ಮುಂದಿದ್ದೆವು.

ಆ ಹೆಣ್ಣುಮಗಳು ನನ್ನ ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. ಆಮೇಲೆ ಎಷ್ಟು ದಿನದಿಂದ ಎಂದು ಹಿಂದಿಯಲ್ಲಿ ಕೇಳಿದರು. ಒಂಬತ್ತು ದಿನ ಎಂದೆ. "ಔರ್ ನೌ ದಿನ್ ಆಪ್ ಕ್ಯಾ ಕರ್ ರಹೇ ಥೇ?" ಎಂದರು. ಒಂಬತ್ತು ದಿನ ನಾನೇನು ಮಾಡುತ್ತಿದ್ದೆ? ಗ್ರಾಫಿಕ್ಸ್ ಕಾರ್ಡಿನ ತಿರುಪು ಬಿಗಿಯುತ್ತಿದ್ದೆ ಎಂದು ಯಾವ ಬಾಯಿಂದ ಹೇಳಲಿ? ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ನವುರಾದ ಪದರ, ನಾವು ಕಾಣುವುದೆಲ್ಲ ಮೂಡುವ ಪದರ, ಒಂದು ಕಡೆ ಹರಿದು, ತೇವಕ್ಕೆ ಗೋಡೆಯ ಬಣ್ಣ ಏಳುವಂತೆ ಎದ್ದು ಬರುತ್ತಿದೆಯಂತೆ. ದಪ್ಪ ಕನ್ನಡಕದವರಲ್ಲಿ ಇದು ಹೆಚ್ಚಂತೆ. ಮಿಂಚು ಕಂಡದ್ದು ಆ ಪದರ ಜಗ್ಗಿದಾಗಲಂತೆ. ನಡುಮಧ್ಯದ ಜಾಗ ಮಾತ್ರ ಇನ್ನೂ ಅಂಟಿಕೊಂಡಿದೆ, ಅದು ಏಳುವ ಮುಂಚೆ ಆಪರೇಷನ್ ಆಗಬೇಕು, ನಾಳೆಯೇ ಆಗಬೇಕು, ಅಲ್ಲಿಯವರೆಗೆ ತಲೆಯನ್ನು ಹೆಚ್ಚು ಅಲುಗಾಡಿಸಬೇಡಿ ಎಂದರು. ಮನೆಗೆ ಮರಳುವಾಗ ಸಯನ್ ಸರ್ಕಲ್ಲಿನ ಪ್ರತಿ ಹೊಂಡಕ್ಕೂ ಸುಮಿತ್ರಾ ಎರಡೂ ಕೈಯಿಂದ ನನ್ನ ತಲೆಯನ್ನು ತುಂಬಿದ ಕೊಡದಂತೆ ಹಿಡಿದುಕೊಂಡಿದ್ದಳು.

ಆ ದಿನ ಇನ್ನೊಂದು ಅಂಜಿಕೆಯೂ ನನ್ನನ್ನು ಹಿಡಿಯಿತು. ಆ ಒಂಬತ್ತು ದಿನಗಳಲ್ಲಿ ನಾನು ಮುಗಿಸಿ ಕಳಿಸಿದ ನಕ್ಷೆಗಳ ಎಡಮಗ್ಗುಲಲ್ಲಿ ಏನೇನು ತಪ್ಪಿಸಿದ್ದೇನೋ? ದಾದರಿನ ಆಫೀಸಿಗೆ ಫೋನು ಮಾಡಿ ಎಲ್ಲವನ್ನೂ ಇನ್ನೊಬ್ಬರಿಂದ ನೋಡಿಸಲು ಹೇಳೆಂದು ಸುಮಿತ್ರಾಗೆ ಹೇಳಿದೆ. "ಈಗ ಅದರ ಚಿಂತಿ ಯಾಕ್ರೀ? ಕಣ್ಣಿನ ಸುದ್ದಿ ಗೊತ್ತಾದ್ರ ನಾಳೆ ಕೆಲಸಾ ಕೊಡ್ತಾರೇನವರು?" ಎಂದಳು. "ಆ ಸ್ಲ್ಯಾಬಿನ ಬುಡಕ ಮಂದಿ ಮಲಗ್ತಾರ, ಸುಮಿ," ಎಂದೆ. ಅವಳು ಫೋನು ಮಾಡಿದಳು. ಒಂದು ಹಾಳೆಯಲ್ಲಿ, ಎಡತುದಿಯ ಒಂದು ಕಂಬಕ್ಕೆ ನಾನು ಸರಳಿನ ಗುರುತೇ ಹಾಕಿರಲಿಲ್ಲವಂತೆ. ತಿದ್ದಿದರು. ಇಂಜಿನಿಯರರು ಬೈಯಲಿಲ್ಲ, ಗುಣವಾದ ಮೇಲೆ ಬಾ ಎಂದಷ್ಟೇ ಅಂದರು.

ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿ, ಅದು ಪದರವನ್ನು ಗೋಡೆಗೆ ಒತ್ತಿ ಹಿಡಿಯುವವರೆಗೆ ವಾರವಿಡೀ ಮುಖ ಕೆಳಗೆ ಮಾಡಿಕೊಂಡಿರಬೇಕೆಂದರು. ಉಂಡದ್ದು, ಮಲಗಿದ್ದು, ಮಾತಾಡಿದ್ದು ಎಲ್ಲ ನೆಲ ನೋಡಿಕೊಂಡೇ. ಎರಡನೆಯ ವಾರ ತಲೆ ಎತ್ತಿದಾಗ ಆ ಗುಳ್ಳೆ ಕಣ್ಣಿನ ಕೆಳಭಾಗದಲ್ಲಿ ದುಂಡಗೆ ನಡುಗುತ್ತ ಕಾಣಿಸಿತು. ತಲೆ ವಾಲಿಸಿದರೆ ಅದೂ ವಾಲುತ್ತಿತ್ತು, ಗೌಂಡಿಯ ರಸಮಟ್ಟದೊಳಗಿನ ಗುಳ್ಳೆಯಂತೆ. ಜೀವಮಾನವೆಲ್ಲ ಕಟ್ಟಡಗಳ ಮಟ್ಟ ನೋಡಿದವನಿಗೆ ದೇವರು ಕಣ್ಣೊಳಗೇ ರಸಮಟ್ಟ ಇಟ್ಟ ಎಂದು ಸುಮಿತ್ರಾಳನ್ನು ನಗಿಸಲು ಹೋದೆ. ಅವಳು ನಗಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡಳು.

ನೆಲ ನೋಡುತ್ತ ಕಳೆದ ಆ ವಾರ ಯೋಚನೆಗೆ ಬೇಕಾದಷ್ಟು ಪುರುಸೊತ್ತಿತ್ತು. ನನ್ನ ಎರಡು ಕಣ್ಣುಗಳೂ ಆ ಎರಡು ಕಾರ್ಡುಗಳಂತೆ ಬೇರೆ ಬೇರೆ ಯೋಗ್ಯತೆಯವು. ಒಂದರ ಬಿಳಿ ಹಾಲು, ಇನ್ನೊಂದರದು ಮಜ್ಜಿಗೆ. ಐವತ್ತು ವರ್ಷ ತಲೆ ಎಂಬ ಯಜಮಾನಿ ಅವೆರಡರ ಜಗಳ ಹೊರಗೆ ಕೇಳದಂತೆ ಸಂಸಾರ ತೂಗಿಸಿ, ಒಂದೇ ಲೋಕವೆಂದು ನನ್ನನ್ನು ನಂಬಿಸಿದ್ದಳು. ಕಂಪ್ಯೂಟರಿನ ಪೆಟ್ಟಿಗೆಯನ್ನು ಹತ್ತು ಸಲ ಬಿಚ್ಚಿ ನೋಡಿದವನು ಈ ಪೆಟ್ಟಿಗೆಯ ಮೇಲೆ ಒಮ್ಮೆಯೂ ಸಂಶಯಪಡಲಿಲ್ಲ. ನನಗೆ ಕಂಡದ್ದೆಲ್ಲ ಹೊರಗೇ ಇದೆ ಎಂದುಕೊಂಡೆ. ಕಾಣದವನಿಗೆ ಕಣ್ಣಿಲ್ಲ ಎಂದು ಬೈದೆ. ಪ್ರಭಾಕರ ನಾಲ್ಕು ಸಲ ಸತ್ಯ ಹೇಳಿದ್ದ, ಪಾಪ.

ಅವನೇ ಸುದ್ದಿ ತಿಳಿದು, ಬಾಳೆಹಣ್ಣಿನ ಜೊತೆ ಹಳೆಯ ಕಾರ್ಡನ್ನೂ ಹಿಡಿದುಕೊಂಡು ಬಂದ. ಮೂರು ವಾರ ಓಡಿಸಿದರೂ ಒಂದು ಸಲವೂ ಮಿಣುಕಲಿಲ್ಲವಂತೆ. ಅವನ ಕೈ ಹಿಡಿದು ತಪ್ಪಾಯಿತೆಂದೆ. "ಎಂತ ಮಾರಾಯ್ರೆ ನೀವು," ಎಂದು ಮುಖ ತಿರುಗಿಸಿ, ಸುಮ್ಮನೆ ಕಾರ್ಡು ಕೂರಿಸತೊಡಗಿದ. ಎರಡೂ ಸೊಸೆಯಂದಿರು ಮತ್ತೆ ಒಂದೇ ಮನೆ ಸೇರಿದರು, ನೀಲಿ ಮೂತಿ ತನ್ನ ಜಾಗಕ್ಕೆ ಬಂತು.

ಈಗ ಮತ್ತೆ ಕೆಲಸ ಮಾಡುತ್ತೇನೆ. ಎಡಗಣ್ಣು ಬಹುಪಾಲು ಉಳಿದಿದೆ. ಅದರ ಎಡ ಅಂಚು ಮಾತ್ರ ಮಬ್ಬು, ಅದು ತಿರುಗಿ ಬರುವುದಿಲ್ಲ. ಸುಮಿತ್ರಾ ಆ ಕಡೆಯಿಂದ ಬರುವಾಗ, ನಾಲ್ಕು ಹೆಜ್ಜೆ ದೂರದಿಂದಲೇ, "ಎಡಕ್ಕ ಬಂದೀನ್ರಿ," ಎಂದು ಸಾರಿಕೊಂಡು ಬರುತ್ತಾಳೆ. ಬಲಗಣ್ಣಿನಲ್ಲಿಯೂ ಪದರ ತೆಳುವಾಗಿದೆ, ಎಚ್ಚರದಿಂದಿರಿ, ಹೊಸ ಚುಕ್ಕೆಯೋ ಮಿಂಚೋ ಕಂಡರೆ ಅದೇ ದಿನ ಬನ್ನಿ ಎಂದು ಡಾಕ್ಟರರು ಹೇಳಿ ಕಳಿಸಿದ್ದಾರೆ. ಎಚ್ಚರ ಎಂಬುದು ಅಂಜಿಕೆಗೆ ಇಟ್ಟ ಮರ್ಯಾದೆಯ ಹೆಸರು. ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡುತ್ತೇನೆ. ನಾಲ್ಕು ಮೂಲೆ ಕಂಡ ಮೇಲೆಯೇ ಹಲ್ಲುಜ್ಜಲು ಹೋಗುತ್ತೇನೆ.

ಕಳೆದ ವಾರ ಕಂಪ್ಯೂಟರಿನ ಮುಂದೆ ಕೂತು ಸೀರೆಯ ತುಂಡನ್ನು ಕೈಗೆ ತೆಗೆದುಕೊಂಡಾಗ ಎಡಗಡೆಯ ಮಾನಿಟರಿನ ಮೇಲೆ ಒಂದು ಕರಿಯ ಚುಕ್ಕೆ ಕಂಡಿತು. ಎಡಗಣ್ಣು ಮುಚ್ಚಿದೆ. ಆಗಲೂ ಬಲಗಣ್ಣಿಗೆ ಕಂಡಿತು. ಕಣ್ಣೊಳಗಿನದಾದರೆ ನೋಟದ ಜೊತೆ ತೇಲುತ್ತದೆ, ಪರದೆಯದಾದರೆ ನಿಂತಲ್ಲೇ ನಿಲ್ಲುತ್ತದೆ ಎಂಬ ಸಾದಾ ಪರೀಕ್ಷೆ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಕಣ್ಣು ಹೊರಳಿಸಲು ಧೈರ್ಯ ಸಾಲಲಿಲ್ಲ. ಒರೆಸಿದರೂ ಹೋಗದಿದ್ದರೆ? ಬಟ್ಟೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಎಡಕ್ಕ ಬಂದೀನ್ರಿ," ಎಂದಳು ಸುಮಿತ್ರಾ, ಚಹಾದ ಕಪ್ಪು ಹಿಡಿದು.

"ಸುಮಿ, ಅಲ್ಲೊಂದು ಕರೇ ಚುಕ್ಕಿ ಅದ ನೋಡು. ನಿನಗ ಕಾಣಸ್ತದೇನು?"

ಅವಳು ಬಗ್ಗಿದಳು. ಕಣ್ಣು ಕಿರಿದು ಮಾಡಿದಳು. "ತಡೀರಿ, ಚಾಳೀಸ ತರ್ತೀನಿ," ಎಂದು ಕಪ್ಪು ಇಟ್ಟು ಒಳಗೆ ಹೋದಳು. ಕನ್ನಡಕ ಅಡುಗೆಮನೆಯಲ್ಲಿರಲಿಲ್ಲ. ದೇವರ ಕಪಾಟು ತೆರೆದ ಸದ್ದಾಯಿತು, ಹಾಸಿಗೆ ಕೊಡವಿದ ಸದ್ದಾಯಿತು. ನಾನು ಉಸಿರು ಹಿಡಿದು, ರೆಪ್ಪೆ ಮಿಟುಕಿಸದೆ, ಆ ಚುಕ್ಕೆಯನ್ನೇ ನೋಡುತ್ತ ಕೂತೆ. ಬಂದಳು, ಕನ್ನಡಕ ಏರಿಸಿದಳು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದಳು.

"ಕಾಣಸ್ತದ್ರಿ," ಎಂದಳು. "ಧೂಳದು."

ಒರೆಸಿದೆ. ಹೋಯಿತು. ಇಳಕಲ್ ಸೀರೆಯ ಮಾಸಿದ ಕೆಂಪಿನ ಮೇಲೆ ಎದುರಿನ ಗೋಪುರದ ಬೂದು ಧೂಳು ಸಾಸಿವೆ ಕಾಳಿನಷ್ಟು ಹತ್ತಿತ್ತು. ಕಿಟಕಿಯ ಹೊರಗೆ ಕೈ ಚಾಚಿ ಬಟ್ಟೆ ಝಾಡಿಸುವುದು ನನ್ನ ದಿನದ ರೂಢಿ. ಅವತ್ತು ಬೈಯಲೂ ಇಲ್ಲ, ಝಾಡಿಸಲೂ ಇಲ್ಲ, ಧೂಳು ಒಳಗೇ ಇರುವಂತೆ ನಾಲ್ಕು ಮಡಿಕೆ ಮಾಡಿ, ಕೀಬೋರ್ಡಿನ ಪಕ್ಕದಲ್ಲಿಟ್ಟುಕೊಂಡೆ.